ದಪ್ಪಕ್ಷರದ ಅರ್ಥ ಎಲ್ಲಿದೆ?

ನೊಯ್‌ಲಾಂಡ್ ಎಂಬ ದಪ್ಪ ಅಚ್ಚಕ್ಷರವನ್ನು ರುಡಾಲ್ಫ್ ಕೊಖ್ 1923ರಲ್ಲಿ ಜರ್ಮನಿಯ ಆಫೆನ್‌ಬಾಖ್ ಊರಿನ ಕ್ಲಿಂಗ್‌ಸ್ಪೋರ್ ಎರಕಶಾಲೆಗಾಗಿ ರೂಪಿಸಿದ. ಅದರಲ್ಲಿರುವುದು ರೋಮನ್ ಲಿಪಿಯ ದೊಡ್ಡಕ್ಷರಗಳು ಮಾತ್ರ, ಸಣ್ಣಕ್ಷರಗಳಿಲ್ಲ. ಗೆರೆ ಎಲ್ಲೂ ಸಪೂರವಾಗುವುದಿಲ್ಲ. ಅಂಚುಗಳು ಮರದಲ್ಲಿ ಉಳಿಯಿಂದ ಕೊರೆದಂತೆ ಒರಟು. ಪುಟಗಟ್ಟಲೆ ಓದಿಸುವುದು ಅದರ ಕೆಲಸವಲ್ಲ, ಶೀರ್ಷಿಕೆಯಲ್ಲೋ ಭಿತ್ತಿಪತ್ರದಲ್ಲೋ ಕಣ್ಣನ್ನು ತಡೆದು ನಿಲ್ಲಿಸುವುದು. ಇಂಥ ಅಕ್ಷರ ಒಂದು ತಾತ್ವಿಕ ಪ್ರಶ್ನೆಯನ್ನು ಮುಂದಿಡುತ್ತದೆ. ಬರೆದ ಮಾತಿಗೆ ಅರ್ಥವಿದೆ, ಸರಿ. ಅಕ್ಷರದ ಆಕಾರಕ್ಕೂ ತನ್ನದೇ ಅರ್ಥವಿದೆಯೇ? ಇದ್ದರೆ ಅದು ಆಕಾರದೊಂದಿಗೇ ಹುಟ್ಟಿದ್ದೋ, ಬಳಸಿದವರು ಹೊರಿಸಿದ್ದೋ?

ಲೋಹದ ಅಚ್ಚುಮೊಳೆಗಳ ಕಾಲದಲ್ಲಿ ಪ್ರತಿ ಅಕ್ಷರವನ್ನೂ ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಕನ್ನಡಿಯಲ್ಲಿ ಕಾಣುವಂತೆ ತಿರುವಿ ಕೊರೆಯಬೇಕಿತ್ತು. ಆ ಕಡ್ಡಿಯನ್ನು ತಾಮ್ರದ ತುಂಡಿಗೆ ಹೊಡೆದರೆ ಅಕ್ಷರದ ಗುಳಿ ಮೂಡುತ್ತದೆ. ಗುಳಿಗೆ ಸೀಸದ ಮಿಶ್ರಲೋಹ ಎರೆದರೆ ಮೊಳೆ ಸಿದ್ಧ. ಸಾಮಾನ್ಯವಾಗಿ ಒಬ್ಬ ಕಲಾವಿದ ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಇನ್ನೊಬ್ಬ ಕುಶಲಕರ್ಮಿ ಲೋಹಕ್ಕಿಳಿಸುತ್ತಿದ್ದ. ನೊಯ್‌ಲಾಂಡ್‌ಗಾಗಿ ಕೊಖ್ ಕಾಗದವನ್ನೇ ಬದಿಗಿಟ್ಟು ನೇರವಾಗಿ ಲೋಹಕ್ಕೆ ಅರ ಹಚ್ಚಿದ. ಪ್ರತಿ ಅಳತೆಯನ್ನೂ ಬೇರೆಯಾಗಿ ಕೊರೆದದ್ದರಿಂದ ಒಂದೇ ಅಕ್ಷರ ಒಂದೊಂದು ಅಳತೆಯಲ್ಲಿ ಒಂದೊಂದು ಬಗೆಯಾಗಿದೆ. ಇಂದಿನ ಕಂಪ್ಯೂಟರ್ ಫಾಂಟ್‌ಗಳು ಒಂದೇ ಆಕಾರವನ್ನು ಹಿಗ್ಗಿಸಿ ಕುಗ್ಗಿಸಿ ಕೆಲಸ ಮುಗಿಸುವುದರಿಂದ ಈ ವ್ಯತ್ಯಾಸ ಅಳಿಸಿಹೋಗಿದೆ. ಮೂಲದ ಚೆಲುವಿನ ಅರ್ಧ ಪಾಲು ಅದರಲ್ಲೇ ಇತ್ತು.

ಕೊಖ್ ಶ್ರದ್ಧಾವಂತ ಲೂಥರನ್ ಕ್ರೈಸ್ತ. ಬೈಬಲ್ ವಾಕ್ಯಗಳನ್ನು ಅವನು ಬರೆದ, ಅಚ್ಚಿಸಿದ, ಬಟ್ಟೆಯ ಮೇಲೂ ನೇಯಿಸಿದ. ಅವನ ಪರಂಪರೆಯಲ್ಲಿ ದೇವರ ವಾಕ್ಯ ಓದುಗನೆದುರು ಬಂದದ್ದೇ ಕಪ್ಪಾಗಿ: 1534ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಅಚ್ಚಾದ ಲೂಥರನ ಜರ್ಮನ್ ಬೈಬಲ್ಲಿನ ಪುಟಗಳು ದಟ್ಟವಾದ ಜರ್ಮನ್ ಅಕ್ಷರಗಳವು. ನೊಯ್‌ಲಾಂಡ್ ಸಾಲುಗಳನ್ನು ಒತ್ತಾಗಿ ಜೋಡಿಸಿದರೆ ಹಳೆಯ ಅಕ್ಷರಗಳ ಒಂದು ಕೊಂಕೂ ಇಲ್ಲದೆ ಅದೇ ದಟ್ಟಣೆ ಮರಳಿ ಬರುತ್ತದೆ. ವಾಕ್ಯಕ್ಕೆ ತೂಕ ಬೇಕು, ಆ ತೂಕ ಕಣ್ಣಿಗೂ ಕಾಣಬೇಕು ಎಂಬ ನಂಬಿಕೆ ಈ ಅಕ್ಷರದ ಹಿಂದಿದೆ ಎನ್ನಲು ಅಡ್ಡಿಯಿಲ್ಲ.

ಎಲ್ಲರೂ ಹಾಗೆ ನಂಬಿದವರಲ್ಲ. ಮುದ್ರಣಕಲೆಯ ಬರಹಗಾರ್ತಿ ಬಿಯಾಟ್ರಿಸ್ ವಾರ್ಡ್ 1930ರಲ್ಲಿ ಲಂಡನ್ನಿನಲ್ಲಿ ಮಾಡಿದ ಭಾಷಣದಲ್ಲಿ ಒಳ್ಳೆಯ ಮುದ್ರಣವನ್ನು ಸ್ಫಟಿಕದ ಪಾನಪಾತ್ರೆಗೆ ಹೋಲಿಸಿದಳು. ಒಳಗಿನ ಮದ್ಯವಷ್ಟೇ ಕಾಣಬೇಕು, ಪಾತ್ರೆ ಕಾಣಬಾರದು. ಭಾರತದ ವೈದಿಕ ಪರಂಪರೆ ಇನ್ನೂ ಮುಂದೆ ಹೋಯಿತು. ಅಲ್ಲಿ ಪಾವಿತ್ರ್ಯ ಧ್ವನಿಯದು, ಲಿಪಿಯದಲ್ಲ. ಬರೆದದ್ದನ್ನು ನೋಡಿ ಓದುವವನನ್ನು ‘ಪಾಣಿನೀಯ ಶಿಕ್ಷೆ’ ಎಂಬ ಉಚ್ಚಾರಣಾಶಾಸ್ತ್ರದ ಗ್ರಂಥ ಅಧಮ ಪಾಠಕರ ಸಾಲಿಗೆ ಸೇರಿಸುತ್ತದೆ. ಆ ಕಣ್ಣಿಗೆ ಕೊಖ್‌ನ ಶ್ರಮವೆಲ್ಲ ವ್ಯರ್ಥ.

ಆದರೂ ಪ್ರಶ್ನೆಯನ್ನು ಬಿಡಿಸಲು ಅದೇ ಪರಂಪರೆಯ ಒಂದು ವಾದ ನೆರವಿಗೆ ಬರುತ್ತದೆ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಯಾರೂ ಮಾಡಿದ್ದಲ್ಲ, ನಿತ್ಯವಾದದ್ದು ಎಂದರು ಮೀಮಾಂಸಕರು. ನೈಯಾಯಿಕರು ಒಪ್ಪಲಿಲ್ಲ, ಅದು ಸಂಕೇತದಿಂದ, ಅಂದರೆ ಈ ಶಬ್ದಕ್ಕೆ ಇದು ಅರ್ಥ ಎಂಬ ಗೊತ್ತುಪಾಡಿನಿಂದ ಬಂದದ್ದು ಎಂದರು. ವಾದ ನಡೆದದ್ದು ಶಬ್ದದ ಬಗ್ಗೆ, ಲಿಪಿಯ ಬಗ್ಗೆಯಲ್ಲ. ಆಕಾರಕ್ಕೆ ಅದನ್ನು ಹಚ್ಚಿ ನೋಡಿದರೆ ನೊಯ್‌ಲಾಂಡ್‌ನ ಮುಂದಿನ ಕಥೆ ಮೇಲ್ನೋಟಕ್ಕೆ ನೈಯಾಯಿಕರ ಪರವಾಗಿಯೇ ಸಾಕ್ಷಿ ನುಡಿಯುತ್ತದೆ.

ಅಮೆರಿಕಕ್ಕೆ ಹೋದ ಮೇಲೆ ಈ ಅಕ್ಷರ ಸುವಾರ್ತೆಯ ನಂಟನ್ನು ಕಳೆದುಕೊಂಡಿತು. ಕಾಡು, ಸಫಾರಿ, ಸಾಹಸ ಎಂದರೆ ನೊಯ್‌ಲಾಂಡ್ ಎಂಬಂತಾಯಿತು. 1993ರ ‘ಜುರಾಸಿಕ್ ಪಾರ್ಕ್’ ಚಿತ್ರದ ಲಾಂಛನದಲ್ಲಿರುವುದು ಇದೇ ಬಗೆಯ ಅಕ್ಷರ. ಕಪ್ಪು ಜನರ ಬದುಕಿನ ಪುಸ್ತಕಗಳಿಗೂ ಅದನ್ನೇ ಹಾಕಲಾಯಿತು. ರಿಚರ್ಡ್ ರೈಟ್‌ನ ‘ನೇಟಿವ್ ಸನ್’ ಷಿಕಾಗೋ ನಗರದಲ್ಲಿ ನಡೆಯುವ ಕಾದಂಬರಿ. ಅದರ ಮುಖಪುಟಕ್ಕೂ ಕಾಡಿನ ಅಕ್ಷರವೇ ಬಂತು. ವಿನ್ಯಾಸಕ ರಾಬ್ ಜಾಂಪಿಯೆಟ್ರೊ 2004ರಲ್ಲಿ ಬರೆದ ಪ್ರಬಂಧದಲ್ಲಿ ಈ ರೂಢಿಯನ್ನು ಕೆದಕಿ ತೋರಿಸಿದ್ದಾನೆ. ಇಂಥದ್ದನ್ನು ಅಭಿರುಚಿಯ ತಪ್ಪು ಎಂದು ತೇಲಿಸಿಬಿಡುವಂತಿಲ್ಲ. ಪುಸ್ತಕ ತೆರೆಯುವ ಮೊದಲೇ ಲೇಖಕನ ಬಗ್ಗೆ ಒಂದು ತೀರ್ಪು ಹೊರಬಿದ್ದಿರುತ್ತದೆ.

ಲೂಥರನ ಕಾಲದ ಅಕ್ಷರಗಳಿಗೂ ಇಂಥದೇ ಗತಿ. ಜರ್ಮನ್‌ತನದ ಗುರುತೆಂದು ನಾಜಿಗಳು ಮೊದಲು ಮೆರೆಸಿದ ಅವನ್ನು 1941ರ ಜನವರಿ 3ರ ಸುತ್ತೋಲೆ ಯಹೂದಿ ಅಕ್ಷರಗಳೆಂದು ಕರೆದು ಹೊರಗಟ್ಟಿತು. ಆ ಸುತ್ತೋಲೆಯ ಕಾಗದದ ತಲೆಬರಹ ಅಚ್ಚಾಗಿದ್ದದ್ದು ಅದೇ ಬಗೆಯ ಹಳೆಯ ಅಕ್ಷರದಲ್ಲಿ!

ಹಾಗೆಂದು ಆಕಾರ ಏನನ್ನೂ ಹೇಳುವುದಿಲ್ಲ, ಎಲ್ಲವೂ ಗೊತ್ತುಪಾಡು ಎನ್ನುವುದು ಅವಸರದ ಮಾತು. ಗೊತ್ತುಪಾಡು ಎಲ್ಲ ಅಕ್ಷರಗಳನ್ನೂ ಬಿಟ್ಟು ನೊಯ್‌ಲಾಂಡನ್ನೇ ಏಕೆ ಹಿಡಿಯಿತು? ಉತ್ತರದ ಒಂದು ತುದಿ ಜರ್ಮನಿಯಲ್ಲೇ ಇದೆ. 1905ರಲ್ಲಿ ಡ್ರೆಸ್ಡನ್‌ನಲ್ಲಿ ಹುಟ್ಟಿದ ‘ಬ್ರೂಕೆ’ ಗುಂಪಿನ ಚಿತ್ರಕಾರರು ಆಫ್ರಿಕ ಮತ್ತು ಪೆಸಿಫಿಕ್ ದ್ವೀಪಗಳ ಮರದ ಶಿಲ್ಪಗಳಿಂದ ತಮ್ಮ ಮರಗೆತ್ತನೆಯ ಮುದ್ರಣಕ್ಕೆ ಒರಟುತನವನ್ನು ತಂದುಕೊಂಡಿದ್ದರು. ಅವರಲ್ಲೊಬ್ಬನಾದ ಷ್ಮಿಟ್-ರಾಟ್ಲುಫ್ 1918ರಲ್ಲಿ ಕ್ರಿಸ್ತನ ಚಿತ್ರಮಾಲೆಯನ್ನೇ ಆ ಶೈಲಿಯಲ್ಲಿ ಕೊರೆದ. ನಯವಿಲ್ಲದ್ದು ಆದಿಮ, ಆದಿಮವಾದದ್ದು ಹೆಚ್ಚು ಸತ್ಯ ಎಂಬ ಎಣಿಕೆ ಆ ಕಾಲದ ಯುರೋಪಿನ ಗಾಳಿಯಲ್ಲಿತ್ತು. ನೊಯ್‌ಲಾಂಡ್‌ನ ಒರಟು ಅಂಚು ಕಣ್ತೆರೆದದ್ದು ಆ ಗಾಳಿಯಲ್ಲಿ. ಭಕ್ತಿಗೆಂದು ತಂದ ಒರಟುತನದಿಂದ ಭಕ್ತಿ ಕಳಚಿಕೊಂಡಾಗ ಉಳಿದದ್ದು ‘ಆದಿಮ’ ಎಂಬ ಹಣೆಪಟ್ಟಿ. ಅದನ್ನು ಯಾರಿಗೆ ಅಂಟಿಸಬೇಕೆಂದು ಮಾರುಕಟ್ಟೆ ಆಮೇಲೆ ಗೊತ್ತುಮಾಡಿಕೊಂಡಿತು.

ಹೀಗಾಗಿ ನೈಯಾಯಿಕರ ಉತ್ತರ ಬಹುಪಾಲು ಸರಿ, ಪೂರ್ತಿ ಸರಿಯಲ್ಲ. ಸಂಕೇತವನ್ನು ಕಟ್ಟುವುದು ಬಳಕೆಯೇ, ಆದರೆ ಕಟ್ಟಲು ಅದು ಆಕಾರದಲ್ಲೊಂದು ಹೋಲಿಕೆಯನ್ನು ಹುಡುಕುತ್ತದೆ. ಕ್ಯಾರಲ್ ಟ್ವಾಂಬ್ಲಿ 1989ರಲ್ಲಿ ಅಡೋಬಿ ಕಂಪನಿಗಾಗಿ ರೂಪಿಸಿದ ಲಿಥೋಸ್ ಎಂಬ ಅಕ್ಷರ ಇದಕ್ಕೆ ಇನ್ನೊಂದು ಉದಾಹರಣೆ. ಪ್ರಾಚೀನ ಗ್ರೀಕ್ ಶಿಲಾಶಾಸನಗಳಿಂದ ಪ್ರೇರಣೆ ಪಡೆದ ಅದಕ್ಕೂ ಆಫ್ರಿಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅದೂ ದೊಡ್ಡಕ್ಷರಗಳದ್ದೇ, ಅದರ ಗೆರೆಯಲ್ಲೂ ಏರಿಳಿತವಿಲ್ಲ. ಕೆಲವೇ ವರ್ಷಗಳಲ್ಲಿ ಅದೂ ನೊಯ್‌ಲಾಂಡ್‌ನ ಪಕ್ಕದಲ್ಲಿ ಅದೇ ಕೆಲಸಕ್ಕೆ ನಿಂತಿತ್ತು.