ಒಂದು ಚಮಚ ನೀರು

ಲಕ್ವ ಹೊಡೆದವರ ಬಾಯಿಗೆ ಮನೆಮಂದಿ ಮೊದಲು ಹಾಕುವುದು ನೀರು. ನುಂಗುವ ಸ್ನಾಯುಗಳ ಹಿಡಿತ ತಪ್ಪಿದ್ದರೆ ಅದೇ ನೀರು ಅನ್ನನಾಳ ಬಿಟ್ಟು ಶ್ವಾಸಕೋಶಕ್ಕೆ ಇಳಿಯುತ್ತದೆ, ಎಷ್ಟೋ ಸಲ ಕೆಮ್ಮು ಕೂಡ ಬರುವುದಿಲ್ಲ. ಮೆದುಳಿನ ಪೆಟ್ಟಿನಿಂದ ಬದುಕುಳಿದ ಅನೇಕರನ್ನು ನ್ಯುಮೋನಿಯಾ ಒಯ್ಯುವುದು ಹೀಗೆ.

ಹೀಗಷ್ಟೇ ಅಲ್ಲ. 2003ರಲ್ಲಿ ಬರ್ಲಿನ್‌ನ ಸಂಶೋಧಕರು ಇಲಿಗಳ ಮೆದುಳಿನ ರಕ್ತನಾಳ ಕಟ್ಟಿ ನೋಡಿದರು. ಪೆಟ್ಟು ಬಿದ್ದದ್ದು ತಲೆಗೆ, ಕುಸಿದದ್ದು ಇಡೀ ದೇಹದ ರೋಗನಿರೋಧಕ ಶಕ್ತಿ. ಕೆಲವೇ ದಿನಗಳಲ್ಲಿ ಶ್ವಾಸಕೋಶಕ್ಕೆ ಸೋಂಕು. ಒತ್ತಡದ ನರಗಳ ಸಂದೇಶವನ್ನು ಪ್ರೊಪ್ರನೊಲಾಲ್ ಕೊಟ್ಟು ತಡೆದಾಗ ಸೋಂಕು ತಗ್ಗಿತು. ಗಾಯಗೊಂಡ ಮೆದುಳಿನ ಮೇಲೆ ದೇಹದ ಕಾವಲುಪಡೆಯೇ ಎರಗದಿರಲೆಂದು ಈ ಏರ್ಪಾಡು ಇರಬಹುದು ಎಂಬ ಊಹೆಯಿದೆ. ಇದನ್ನು 'ತ್ಯಾಗ' ಎಂದುಬಿಡುವ ಆಸೆಯಾಗುತ್ತದೆ. ನನಗೆ ಆ ಪದ ಒಗ್ಗದು. ತ್ಯಾಗಕ್ಕೆ ಒಲ್ಲೆನೆನ್ನುವ ಸ್ವಾತಂತ್ರ್ಯ ಬೇಕು, ಶ್ವಾಸಕೋಶವನ್ನು ಕೇಳಿದವರಾರು? (ಆ ಇಲಿಗಳನ್ನೂ ಯಾರೂ ಕೇಳಲಿಲ್ಲ.)

ಹಾಗಾದರೆ ಮುಂಚೆಯೇ ಆಂಟಿಬಯೋಟಿಕ್ ಕೊಟ್ಟರೆ? 2015ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಪ್ರಯೋಗದಲ್ಲಿ 2,500ಕ್ಕೂ ಹೆಚ್ಚು ರೋಗಿಗಳಿದ್ದರು. ಚೇತರಿಕೆ ಅದರಿಂದ ಸುಧಾರಿಸಲಿಲ್ಲ.

ಉಳಿಯುವುದು ಮತ್ತೆ ಆ ಚಮಚ. ನುಂಗುವ ಪರೀಕ್ಷೆ ಮುಗಿಯುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಬಾಯಾರಿ ಸನ್ನೆ ಮಾಡುವ ಅಪ್ಪನ ಮುಂದೆ ನೀರಿದ್ದೂ ಕೊಡದೆ ಕೂರಬೇಕು. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು ಕೆಡುಕಾಗದು ಎಂದು ನಂಬಿ ಬೆಳೆದವರಿಗೆ ಇದು ಬಹಳ ಕಷ್ಟ. ತಿಳಿಯದೆ ಕೊಟ್ಟ ಮಗಳನ್ನು ನಾನು ದೂರಲಾರೆ. ಗೊತ್ತಿದ್ದೂ ಆಕೆಗೆ ಒಂದು ಮಾತು ಹೇಳದೆ ಮುಂದಿನ ಹಾಸಿಗೆಗೆ ನಡೆದವರನ್ನು ದೂರುತ್ತೇನೆ.