ತಂಪು ಊರಿನ ಕೆಳಗಿನ ಸೆಕೆ

ಕೋಲಾರದ ಚಿನ್ನದ ಗಣಿಗಳ ಊರು ಕೆಜಿಎಫ್‌ಗೆ ಬಿಳಿಯರ ಕಾಲದ ಅಡ್ಡಹೆಸರು ‘ಲಿಟಲ್ ಇಂಗ್ಲೆಂಡ್’. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರ, ಸಂಜೆಯಾದರೆ ತಂಗಾಳಿ, ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಅದೇ ಊರಿನ ಕೆಳಗೆ, ಚಾಂಪಿಯನ್ ರೀಫ್ ಗಣಿಯ ತಳದಲ್ಲಿ, ಬಂಡೆಯ ಬಿಸಿ ಸುಮಾರು 65 ಡಿಗ್ರಿ ಸೆಲ್ಸಿಯಸ್. ಈ ಎರಡರ ನಡುವಿನ ಅಂತರ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು. ನೆಲದ ಮೇಲಾದರೆ ಮಾತಾಡುತ್ತ ನಡೆದು ಮುಗಿಸುವ ದೂರ.

ಇಳಿದಷ್ಟೂ ಕಲ್ಲು ಬಿಸಿಯಾಗುವುದು ಭೂಮಿಯ ಸ್ವಭಾವ. ಕೋಲಾರದ ಶಿಲೆಗೆ 250 ಕೋಟಿ ವರ್ಷಕ್ಕೂ ಮೇಲೆ ವಯಸ್ಸಾಗಿದೆ. ಇಂಥ ಮುದಿ ನೆಲದಲ್ಲಿ ಬಿಸಿ ಏರುವುದು ನಿಧಾನ. ಆ ನಿಧಾನದಿಂದಲೇ ಮನುಷ್ಯ ಇಲ್ಲಿ ಅಷ್ಟು ಆಳಕ್ಕೆ ಇಳಿಯುವ ಧೈರ್ಯ ಮಾಡಿದ ಎನ್ನಬಹುದು. ಆದರೆ ಅಲ್ಲಿ ಕಲ್ಲಿನ ಜೊತೆ ಗಾಳಿಯೂ ಕೈ ಕೊಡುತ್ತದೆ. ಮೇಲಿಂದ ಬಿಟ್ಟ ಗಾಳಿ ಶಾಫ್ಟಿನಲ್ಲಿ ಇಳಿಯುತ್ತ ತನ್ನದೇ ಭಾರಕ್ಕೆ ಒತ್ತಿಕೊಳ್ಳುತ್ತದೆ. ಒತ್ತಿದಾಗ ಸೈಕಲ್ ಪಂಪಿನ ತುದಿ ಬಿಸಿಯಾಗುವ ಹಾಗೆ ತಾನೂ ಬಿಸಿಯಾಗುತ್ತದೆ. ಒಣ ಗಾಳಿಯಾದರೆ ಕಿಲೋಮೀಟರಿಗೆ ಹತ್ತು ಡಿಗ್ರಿಯಷ್ಟು. ತಂಪು ಮಾಡಲೆಂದು ಕಳಿಸಿದ್ದೇ ಸೆಕೆಯನ್ನು ಹೊತ್ತುಕೊಂಡು ಕೆಳಗೆ ತಲುಪುತ್ತದೆ.

ಇದಕ್ಕಿಂತ ಕ್ರೂರವಾದ ಲೆಕ್ಕ ಇನ್ನೊಂದಿದೆ. ಬಂಡೆ ಕೊರೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಸಿಲಿಕೋಸಿಸ್. ಆ ಧೂಳನ್ನು ಅಡಗಿಸಲು ನೀರು ಹಾಕಬೇಕು. ನೀರು ಹಾಕಿದರೆ ಗಾಳಿಯಲ್ಲಿ ತೇವ ತುಂಬಿ ಮೈಮೇಲಿನ ಬೆವರು ಆರುವುದಿಲ್ಲ. ಬೆವರು ಸುರಿದರೆ ಸಾಲದು, ಅದು ಆವಿಯಾಗಿ ಹೋಗಬೇಕು. ಆಗ ಮಾತ್ರ ದೇಹ ತಣಿಯುತ್ತದೆ. ಒಣಗಿದ್ದರೆ ಎದೆಗೆ ಕುತ್ತು, ಒದ್ದೆಯಿದ್ದರೆ ಇಡೀ ಮೈಗೆ ಕುತ್ತು. ಈ ಇಕ್ಕಟ್ಟಿನಲ್ಲಿ ಶಿಫ್ಟಿನ ಮೇಲೆ ಶಿಫ್ಟು ಕೆಲಸ ನಡೆಯಿತು. ಅದನ್ನು ಮಾಡಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಹೊಟ್ಟೆಪಾಡಿಗೆ ಬಂದ ದಲಿತರು.

ಗಣಿಯವರು ಸುಮ್ಮನೆ ಕೂರಲಿಲ್ಲ. ನೆಲದ ಮೇಲೆ ದೊಡ್ಡ ದೊಡ್ಡ ಶೀತಲ ಯಂತ್ರಗಳನ್ನು ಹೂಡಿ, ತಣಿಸಿದ ಗಾಳಿಯನ್ನು ಪಾತಾಳಕ್ಕೆ ನೂಕಿದರು. ಕರೆಂಟಿಗೆ ಕೊರತೆ ಇರಲಿಲ್ಲ. 1902ರ ಜೂನ್‌ನಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದಾಗಿತ್ತು. ಬೆಂಗಳೂರಲ್ಲ, ರಾಜಧಾನಿ ಮೈಸೂರೂ ಅಲ್ಲ, ಚಿನ್ನ ಇದ್ದ ಕಡೆ ಮೊದಲು ದೀಪ. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹೊತ್ತಿದ್ದು 1905ರಲ್ಲಿ. ಗಣಿಗೆ ವಿದ್ಯುತ್ ಬರುವ ಮುಂಚೆ ಅಲ್ಲಿನ ಯಂತ್ರಗಳು ಉಗಿಯಿಂದ ಓಡುತ್ತಿದ್ದವು, ಆ ಉಗಿಗೆ ಸುತ್ತಲ ಕಾಡಿನ ಸೌದೆ ಉರಿಯುತ್ತಿತ್ತು. ಕೋಲಾರದ ಗುಡ್ಡಗಳು ಬೋಳಾದ ಕಥೆಯಲ್ಲಿ ಈ ಬಾಯ್ಲರುಗಳದೂ ಒಂದು ಅಧ್ಯಾಯ.

ಶಾಖವನ್ನು ಯಾವ ಯಂತ್ರವೂ ಇಲ್ಲವಾಗಿಸಲಾರದು. ಇಲ್ಲಿಂದ ಎತ್ತಿ ಅಲ್ಲಿ ಸುರಿಯಬಹುದು, ಅಷ್ಟೇ. ಗಣಿಯ ಸೆಕೆ ಫ್ಯಾನುಗಳ ಮೂಲಕ ಮೇಲೆ ಬಂದು ಊರಿನ ಗಾಳಿಗೆ ಸೇರಿತು. ಆ ಊರಿನಲ್ಲಿ ಬಂಗಲೆಗಳ ಆಚೆಗೆ ಇದ್ದದ್ದು ‘ಲೈನು’ಗಳು. ಮೊದಲು ಬಿದಿರು ತಟ್ಟಿಯ ಗುಡಿಸಲುಗಳ ಸಾಲು, ಆಮೇಲೆ ತಗಡಿನ ಮಾಡಿನ ಪುಟ್ಟ ಮನೆಗಳು. ಬೆಳಗಿನ ಶಿಫ್ಟು ಮುಗಿಸಿ ಕೇಜಿನಿಂದ ಹೊರಬಿದ್ದವನು ಮಧ್ಯಾಹ್ನ ಕಾದ ತಗಡಿನ ಕೆಳಗೆ ಮಲಗಬೇಕು. ಗಣಿಯೊಳಗೆ ಡಿಗ್ರಿ ಲೆಕ್ಕ ಹಾಕಿದ ಎಂಜಿನಿಯರು ತಗಡಿನ ಕೆಳಗೂ ಒಮ್ಮೆ ಥರ್ಮಾಮೀಟರು ಹಿಡಿದಿದ್ದರೆ ಚೆನ್ನಾಗಿತ್ತು. ಹಿಡಿಯಲು ಕಾರಣವಿರಲಿಲ್ಲ, ಅಲ್ಲಿ ಚಿನ್ನ ಸಿಗುತ್ತಿರಲಿಲ್ಲ.

ಲೈನಿನ ಮನೆಗಳಲ್ಲಿ ಈ ಸಂಕಟಕ್ಕೆ ತಮಿಳಿನವರು ‘ಸೂಡು’ ಎನ್ನುತ್ತಿದ್ದರು, ತೆಲುಗಿನವರು ‘ವೇಡಿ’, ನಮ್ಮವರು ‘ಉಷ್ಣ’. ಕಣ್ಣುರಿಗೂ ಅದೇ, ಬಾಯಿಹುಣ್ಣಿಗೂ ಅದೇ, ಉರಿಮೂತ್ರಕ್ಕೂ ಅದೇ. ಮದ್ದಿಗೆ ಮಾತ್ರ ಭಾಷೆಯ ಜಗಳವಿಲ್ಲ: ರಾಗಿ ಅಂಬಲಿ, ಮಜ್ಜಿಗೆ, ತಲೆಗೆ ಹರಳೆಣ್ಣೆ.

ಪತ್ರಿಕೆಯವರಾದ ನಮಗೆ ‘ಕಾವು’ ಕಾಣುವುದು ಯಾರಾದರೂ ಕೂಗಿದಾಗ. ಚುನಾವಣೆ ಬಂದರೆ ಕಾವು, ಮುಷ್ಕರವಾದರೆ ಕಾವು. 1930ರಲ್ಲಿ ಕೆಜಿಎಫ್ ಕಾರ್ಮಿಕರು ಕೆಲಸ ನಿಲ್ಲಿಸಿದ್ದು ಸೆಕೆಗೆ ಅಲ್ಲ. ಅಪರಾಧಿಗಳಿಂದ ತೆಗೆದುಕೊಂಡ ಹಾಗೆ ತಮ್ಮಿಂದಲೂ ಬೆರಳಚ್ಚು ತೆಗೆದುಕೊಳ್ಳುವ ನಿಯಮದ ವಿರುದ್ಧ. ಮೈ ಬೇಯುವುದನ್ನು ಸಹಿಸಿದವರು ಮಾನ ಬೇಯುವುದನ್ನು ಸಹಿಸಲಿಲ್ಲ. ಈ ಸಂಗತಿ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಸೆಕೆಗೆ ಕಾನೂನು ಬಂದದ್ದು ಅಂಕಿಯ ರೂಪದಲ್ಲಿ. 1961ರ ಲೋಹಗಣಿ ನಿಯಮಗಳ ಪ್ರಕಾರ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ಕೆಲಸದ ಜಾಗದಲ್ಲಿ 33.5 ಡಿಗ್ರಿ ಮೀರಬಾರದು, 30.5 ದಾಟಿದರೆ ಸೆಕೆಂಡಿಗೆ ಒಂದು ಮೀಟರಿಗೆ ಕಡಿಮೆಯಿಲ್ಲದಂತೆ ಗಾಳಿ ಹರಿಸಬೇಕು. ಬಟ್ಟೆಯನ್ನು ಒದ್ದೆ ಮಾಡುವುದೇ ಇಲ್ಲಿನ ಜಾಣತನ. ಬೆವರಿದ ಮನುಷ್ಯನಿಗೆ ಎಷ್ಟು ಸೆಕೆಯಾಗುತ್ತದೆಂದು ಒಣ ಥರ್ಮಾಮೀಟರಿಗೆ ತಿಳಿಯುವುದಿಲ್ಲ. ದಿನಾ ಟೀವಿಯಲ್ಲಿ ಹೇಳುವ ‘ಗರಿಷ್ಠ ಉಷ್ಣಾಂಶ’ ಆ ಒಣ ಅಂಕಿಯೇ.

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಸುಮಾರು 800 ಟನ್ ಚಿನ್ನ ಕೊಟ್ಟ ನೆಲದಲ್ಲಿ ಪಂಪುಗಳು ನಿಂತವು, ಸುರಂಗಗಳಿಗೆ ನೀರು ತುಂಬಿತು. ಬಂಡೆ ಈಗಲೂ ಅಷ್ಟೇ ಬಿಸಿ, ಅದನ್ನು ಕೇಳುವವರಿಲ್ಲ. ಮೇಲೆ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳು ಬಿಸಿಲಿಗೆ ಒಣಗಿ, ಗಾಳಿ ಬಂದಾಗ ಮನೆಗಳತ್ತ ಧೂಳು ಹಾರಿಸುತ್ತವೆ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ನಸುಕಿನಲ್ಲೇ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುತ್ತಾರೆ. ಬಾಗಿಲಿನವರೆಗೂ ಜನ ತುಂಬಿದ ಬೋಗಿಯ ಸೆಕೆಗೆ ಯಾವ ನಿಯಮವೂ ಲೆಕ್ಕವಿಟ್ಟಿಲ್ಲ.

ಬಂಗಾರಪೇಟೆಯಲ್ಲಿ ಇಳಿದರೆ ಪಾನಿಪುರಿ ತಿನ್ನದೆ ಬರುವುದು ತಪ್ಪು. ಬೇರೆ ಕಡೆ ಪಾನಿ ಹಸಿರಾಗಿರುತ್ತದೆ, ಎಚ್ಚರಿಸುತ್ತದೆ. ಇಲ್ಲಿ ಪಾನಿಗೆ ಬಣ್ಣವೇ ಇಲ್ಲ. ತಿಳಿನೀರೆಂದು ನಂಬಿ ಬಾಯಿಗಿಟ್ಟವನ ಕಿವಿವರೆಗೂ ಖಾರ ಏರುತ್ತದೆ. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಪ್ಲೇಟು ಕೇಳುತ್ತೇವೆ. ಮನುಷ್ಯ ತಾನಾಗಿ ಕಾಸು ಕೊಟ್ಟು ಕೊಳ್ಳುವ ಉರಿ ಇದೊಂದೇ ಇರಬೇಕು.

ರೈಲು ಬೆಂಗಳೂರಿಗೆ ತಲುಪಿಸಿದವರಲ್ಲಿ ಕೆಲವರು ಗಾಜಿನ ಕಟ್ಟಡಗಳ ಒಳಗೆ ಏಸಿಯಲ್ಲಿ ಕೂರುತ್ತಾರೆ, ಕೆಲವರು ಅದೇ ಕಟ್ಟಡದ ಗೇಟಿನಲ್ಲಿ ಸೆಕ್ಯೂರಿಟಿ ಸಮವಸ್ತ್ರದಲ್ಲಿ. ಒಳಗಿನ ತಂಪಿಗಾಗಿ ಹೊರದೂಡಿದ ಬಿಸಿಗಾಳಿ ಗೋಡೆಯ ಆಚೆ ಇಟ್ಟ ಯಂತ್ರದಿಂದ ನೇರ ಅವರ ಪ್ಲಾಸ್ಟಿಕ್ ಕುರ್ಚಿಯತ್ತ ಬೀಸುವುದನ್ನು ಯಾರು ಬೇಕಾದರೂ ನಿಂತು ನೋಡಬಹುದು. ಕುರ್ಚಿಯನ್ನು ನಾಲ್ಕು ಹೆಜ್ಜೆ ಆಚೆ ಸರಿಸಲು ಮೇಲಿನವರ ಅಪ್ಪಣೆ ಬೇಕಂತೆ. ಒದ್ದೆ ಬಟ್ಟೆಯ ಥರ್ಮಾಮೀಟರಿಗೆ ಬೆಲೆ ಹೆಚ್ಚಿಲ್ಲ. ಕಟ್ಟಡದ ಮಾಲೀಕರು ಒಂದನ್ನು ತಂದು ಮೇ ತಿಂಗಳ ಮೂರು ಗಂಟೆಗೆ ಆ ಕುರ್ಚಿಯ ಬೆನ್ನಿಗೆ ಕಟ್ಟಿ ನೋಡಲಿ.