ಅಂಗೈಯಲ್ಲಿ ಕೆತ್ತಿದ ಹೆಸರು

ನಿಡಘಟ್ಟದ ಈ ಯುವಜನರ ಕೂಟಕ್ಕೆ ಬೆಂಗಳೂರಿಂದ, ಮೈಸೂರಿಂದ ಬಂದಿದ್ದೀರಿ. ದೇವರಿಗೆ ಸ್ತೋತ್ರ. ಇವತ್ತು ಒಂದೇ ಒಂದು ಪದವನ್ನು ಧ್ಯಾನಿಸೋಣ: ಕೆತ್ತು.

ಮದ್ದೂರು ಕಡೆ ಎಳನೀರಿಗೆ ನಿಂತಾಗ "ಒಂದು ಕೆತ್ತಿ ಕೊಡಣ್ಣ" ಅಂತೀವಲ್ಲ, ಅದೇ ಪದ. ಇದು ಸಂಸ್ಕೃತದಿಂದ ಬಂದದ್ದಲ್ಲ, ನಮ್ಮದೇ ದ್ರಾವಿಡ ಪದ. ನಮ್ಮ ಕಿವಿ ಮಲಯಾಳದಲ್ಲಿ ಚೆವಿ ಆದ ಹಾಗೆ, ನಮ್ಮ ಕೆತ್ತು ಅಲ್ಲಿ ಚೆತ್ತು. ಅರ್ಥ ಏನು? ಮೇಲ್ಮೈಯನ್ನು ಕಡಿದು ತೆಗೆಯೋದು. ಬರೆದರೆ ಶಾಯಿ ಮೇಲೆ ಕೂರುತ್ತೆ, ಅಳಿಸಬಹುದು. ಕೆತ್ತಿದರೆ ಆ ಮೇಲ್ಮೈಗೇ ಗಾಯ ಆಗುತ್ತೆ. ಅದಕ್ಕೆ ಡಿಲೀಟ್ ಬಟನ್ ಇಲ್ಲ!

ಇದೇ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರ ಒಂದು ಕಲ್ಲು ಸಿಕ್ಕಿತು. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಸೇವೆಯಲ್ಲಿದ್ದ ಮಣಲೆರನಿಗೆ ಕಾಳಿ ಅನ್ನೋ ಬೇಟೆನಾಯಿ ಇತ್ತು. ಅದು ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಆ ನಾಯಿಯ ನೆನಪಿಗೆ ಕೆತ್ತಿಸಿದ ಕಲ್ಲು ಅದು. ಸಾವಿರ ವರ್ಷ ದಾಟಿದರೂ ಕಾಳಿಯ ಹೆಸರು ಅಳಿದಿಲ್ಲ.

ಪ್ರಿಯರೇ, ಮನುಷ್ಯ ತನ್ನ ನಾಯಿಯನ್ನೇ ಇಷ್ಟು ನೆನೆದರೆ, ಸೃಷ್ಟಿಸಿದ ದೇವರು ನಿನ್ನನ್ನು ಮರೀತಾನಾ?

ಯೆಶಾಯ 49ನೇ ಅಧ್ಯಾಯ, 14ರಿಂದ 16 ತೆರೆಯಿರಿ. ಕರ್ತನು ನನ್ನನ್ನು ಮರೆತುಬಿಟ್ಟ ಅಂತ ಚೀಯೋನ್ ಅಳ್ತಾಳೆ. ದೇವರು ಅವಳನ್ನು ಗದರಿಸೋದಿಲ್ಲ. ಹೆತ್ತ ತಾಯಿ ಕೂಡ ಮರೆಯಬಹುದು ಅಂತ ಒಪ್ಪಿಕೊಳ್ತಾನೆ. ನಂಬಿಕೆಗೆ ಬಂದ ಮೇಲೆ ಮನೆಯಿಂದ ಒಂದು ಫೋನೂ ಬರದವರು ಇಲ್ಲಿ ಇರಬಹುದು. ನಿಮ್ಮ ನೋವು ಸುಳ್ಳಲ್ಲ, ವಾಕ್ಯಕ್ಕೇ ಅದು ಗೊತ್ತು. ಆದರೆ ನಾನು ಮರೆಯಲ್ಲ ಅಂತ ಹೇಳಿ ದೇವರು ತನ್ನ ಅಂಗೈ ತೋರಿಸ್ತಾನೆ.

ಅಲ್ಲಿರುವ ಹೀಬ್ರೂ ಪದ ಹಾಕಕ್, ಅಂದರೆ ಕೆತ್ತು. ಅದೇ ಮೂಲದಿಂದ ಬಂದ ಹೋಕ್ ಅಂದರೆ ಕಟ್ಟಳೆ. ನಾವೂ ಕಲ್ಲಿನ ಬರಹಕ್ಕೂ ರಾಜಾಜ್ಞೆಗೂ ಒಂದೇ ಪದ, ಶಾಸನ, ಅಂತೀವಿ. ಸೀನಾಯಿ ಬೆಟ್ಟದಲ್ಲಿ ಆಜ್ಞೆಗಳನ್ನು ಕಲ್ಲಿನ ಮೇಲೆ ಕೆತ್ತಿದ ದೇವರು, ನಿನ್ನನ್ನು ಕೆತ್ತೋಕೆ ಕಲ್ಲು ಹುಡುಕಲಿಲ್ಲ. ತನ್ನ ಅಂಗೈಯನ್ನೇ ಆರಿಸಿಕೊಂಡ. ಹಲ್ಲೆಲೂಯಾ!

ಕೆತ್ತಿದರೆ ಗಾಯ ಆಗುತ್ತೆ ಅಂದೆನಲ್ಲ, ಇಲ್ಲಿ ಗಾಯ ಯಾರಿಗೆ? ನಿನಗಲ್ಲ, ಆತನಿಗೆ. ಯೋಹಾನ 20ರಲ್ಲಿ ಎದ್ದು ಬಂದ ಯೇಸು ತೋಮನಿಗೆ ಕೈ ತೋರಿಸಿದ. ಪುನರುತ್ಥಾನದ ಮಹಿಮೆ ಆ ಗುರುತನ್ನು ಅಳಿಸಲಿಲ್ಲ.

ಹೆಚ್‌ಆರ್ ಉತ್ತರ ಕೊಡದೆ ಇರಬಹುದು. ಸ್ನೇಹಿತರು ಗ್ರೂಪಿಂದ ತೆಗೆದಿರಬಹುದು. ಅದನ್ನೇ ದೇವರ ತೀರ್ಪು ಅಂದುಕೊಳ್ಳಬೇಡ, ತಮ್ಮಾ, ತಂಗೀ. "ಆತನು ನನ್ನನ್ನು ಮರೆತ" ಅಂತ ಒಳಗೊಳಗೇ ಹೇಳಿಕೊಂಡವರು ಈಗ ನಿಮ್ಮ ಅಂಗೈ ತೆರೆದು ಎತ್ತಿರಿ. ಪ್ರಾರ್ಥಿಸೋಣ. ಆಮೆನ್.